ಹುಡುಗನನ್ನು ಒಳಗೆ ಹಾಕುವುದೊಂದೇ ದಾರಿಯೇ?

ಖಾನಾಪುರದ ಬಸ್ ನಿಲ್ದಾಣದ ಹತ್ತಿರ ಚಹಾ ಕುಡಿಯುವಾಗ ಈ ಮಾತು ಆಗಾಗ ನನ್ನ ಕಿವಿಗೆ ಬೀಳುತ್ತದೆ: ‘ಹದಿನೆಂಟು ತುಂಬಿಲ್ಲಂದ್ರ ಏನ್ ಮಾಡಿದ್ರೂ ಬಿಟ್ಟಬಿಡ್ತಾರ ನೋಡ್ರಿ.’ 2024ರ ಮೇ ತಿಂಗಳಲ್ಲಿ ಪುಣೆಯ ಪೋರ್ಷೆ ಕಾರು ಇಬ್ಬರ ಪ್ರಾಣ ತೆಗೆದಾಗ, 17 ವರ್ಷದ ಹುಡುಗನಿಗೆ 300 ಪದಗಳ ಪ್ರಬಂಧ ಬರೆಯಲು ಹೇಳಿದ್ದು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಸಿಟ್ಟು ನನಗೂ ಬಂದಿತ್ತು. ಆದರೆ ಆ ಪ್ರಬಂಧ ಶಿಕ್ಷೆಯಲ್ಲ, ಜಾಮೀನಿನ ಒಂದು ಷರತ್ತು. ಎರಡನ್ನೂ ಒಂದೇ ಅಂದುಕೊಂಡರೆ ಕಾನೂನು ಅರ್ಥವಾಗುವುದಿಲ್ಲ.

2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ ಮಕ್ಕಳನ್ನು ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವಂತಿಲ್ಲ. 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ. ಇವರಿಬ್ಬರಲ್ಲಿ ಒಬ್ಬರಾದರೂ ಮಹಿಳೆ.

ತಪ್ಪು ಸಾಬೀತಾದರೆ 18ನೇ ಸೆಕ್ಷನ್ ಮಂಡಳಿಗೆ ಹಲವು ದಾರಿ ಕೊಡುತ್ತದೆ: ಬುದ್ಧಿ ಹೇಳಿ, ಸಮಾಲೋಚನೆ ಕೊಡಿಸಿ ಮನೆಗೆ ಕಳಿಸುವುದು, ಗುಂಪು ಸಮಾಲೋಚನೆ, ಸಮುದಾಯ ಸೇವೆ, ದಂಡ, ಹೆತ್ತವರಿಂದ ಮುಚ್ಚಳಿಕೆ ಬರೆಸಿಕೊಂಡು ಮೂರು ವರ್ಷದವರೆಗೆ ನಿಗಾದಲ್ಲಿಡುವುದು. ವಿಶೇಷ ಗೃಹಕ್ಕೆ ಕಳಿಸುವುದು ಪಟ್ಟಿಯ ಕೊನೆಗೆ, ಅದೂ ಗರಿಷ್ಠ ಮೂರು ವರ್ಷ. ಹಾಗಂತ ಎಲ್ಲಕ್ಕೂ ಮಾಫಿ ಇಲ್ಲ. 16 ದಾಟಿದವರು ಘೋರ ಅಪರಾಧ ಮಾಡಿದ್ದರೆ, ಪ್ರಾಥಮಿಕ ಪರಿಶೀಲನೆಯ ನಂತರ ವಯಸ್ಕರಂತೆ ವಿಚಾರಣೆಗೆ ಒಳಪಡಿಸಲೂ ಅವಕಾಶವಿದೆ.

ಸಮುದಾಯ ಸೇವೆ ಅಂದರೆ ಏನು? 14 ದಾಟಿದ ಮಕ್ಕಳು ಉದ್ಯಾನ ಸ್ವಚ್ಛ ಮಾಡುವುದು, ವೃದ್ಧರ ಸೇವೆ, ಆಸ್ಪತ್ರೆಯಲ್ಲಿ ನೆರವಾಗುವುದು, ಟ್ರಾಫಿಕ್ ಸ್ವಯಂಸೇವೆ. ಮೊಬೈಲ್ ಕದ್ದ ಹುಡುಗನನ್ನು ಪಳಗಿದವರ ಜೊತೆ ಕೂಡಿಹಾಕಿದರೆ ಅವನು ಕಲಿಯುವುದು ಏನನ್ನ? ಶಾಲೆಯಂತೂ ಬಿಟ್ಟೇ ಹೋಗುತ್ತದೆ. ಅದೇ ಹುಡುಗ ಊರಿನ ಕಣ್ಣೆದುರು ದುಡಿದು ತಪ್ಪು ತೀರಿಸಿದರೆ, ಊರಿಗೂ ಅವನಿಗೂ ನಡುವಿನ ನಂಟು ಉಳಿಯುತ್ತದೆ.

ಆದರೆ ಈ ದಾರಿಗಳೆಲ್ಲ ನಡೆಯುವುದು ಜನರಿಂದ. ಪರಿವೀಕ್ಷಣಾಧಿಕಾರಿ ಮಗುವಿನ ಮನೆ, ಶಾಲೆ, ಸಹವಾಸ ವಿಚಾರಿಸಿ 15 ದಿನದಲ್ಲಿ ವರದಿ ಕೊಡಬೇಕು. ಕಣಕುಂಬಿ ಕಡೆಯ ಕಾಡಂಚಿನ ಹಳ್ಳಿಗೆ ಹೋಗಿ, ಮರಾಠಿ ಮಾತಾಡುವ ಅಜ್ಜಿಯ ಹತ್ತಿರ ಕೂತು ಇದನ್ನೆಲ್ಲ ಕೇಳುವವರು ಬೇಕು. ಅಪ್ಪ-ಅಮ್ಮ ಕೂಲಿಗೆ ಗೋವಾಕ್ಕೆ ಹೋಗಿದ್ದರೆ ಮುಚ್ಚಳಿಕೆಗೆ ಸಹಿ ಹಾಕುವವರು ಯಾರು? ಸೇವೆ ಮಾಡಿಸಲು ಯಾವ ಆಸ್ಪತ್ರೆ ಒಪ್ಪುತ್ತದೆ? ಉತ್ತರವಿಲ್ಲದಿದ್ದರೆ, ಕಾಯ್ದೆ ಕೊನೆಗಿಟ್ಟ ದಾರಿಯೇ ಬಡವರ ಮಗನಿಗೆ ಮೊದಲ ದಾರಿಯಾಗುತ್ತದೆ.

ಗ್ರಾಮ ಪಂಚಾಯಿತಿ, ಶಾಲೆ, ಆರೋಗ್ಯ ಕೇಂದ್ರಗಳು ‘ಈ ಹುಡುಗನ ಮೇಲೆ ನಾವು ಕಣ್ಣಿಡ್ತೀವಿ’ ಅನ್ನಬೇಕು. ‘ಬಿಟ್ಟಬಿಡ್ತಾರ’ ಅನ್ನುವವರಿಗೆ ನನ್ನ ಉತ್ತರ ಇಷ್ಟೇ: ಬಿಡುವುದು ಬೇರೆ, ಕೈಹಿಡಿದು ದಾರಿಗೆ ತರುವುದು ಬೇರೆ. ಎರಡನೆಯದಕ್ಕೆ ನಮ್ಮ ಕೈಯೂ ಬೇಕು.