ಕೊಂದವರ ಕೈಗೆ ಪಿಂಚಣಿ ಸೇರುತ್ತದೆಯೇ?

ಹೋದ ತಿಂಗಳು ಒಂದು ಮಹಿಳಾ ಸಂಘದಲ್ಲಿ ರಾಸು ವಿಮೆ ನೋಂದಣಿ ನಡೆಸುತ್ತಿದ್ದೆವು. ಕಿವಿಯೋಲೆ ಹಾಕುವುದು, ಫೋಟೊ ತೆಗೆಯುವುದು, ಅರ್ಜಿ ತುಂಬುವುದು ಎಂದಿನ ಕೆಲಸ. "ಮಾಲೀಕರೇ ಬೇಕೆಂದು ಹಸುವಿನ ಜೀವ ತೆಗೆದರೆ ವಿಮಾ ಹಣ ಬರುವುದಿಲ್ಲ" ಎಂದು ಹೇಳಿದಾಗ ಹಿಂದಿನ ಸಾಲಿನಲ್ಲಿದ್ದ ಒಬ್ಬ ಅಕ್ಕ ಎದ್ದು ಕೇಳಿದರು: "ಡಾಕ್ಟ್ರೇ, ಹಸುವಿಗೆ ಈ ಕಾನೂನು ಇದೆ ಅಂತೀರಿ. ಮನುಷ್ಯರಿಗೆ ಇಲ್ಲವಾ?"

ಕೆಲವರು ನಕ್ಕರು. ಆ ಅಕ್ಕ ನಗಲಿಲ್ಲ. ಅವರ ನೆಂಟರ ಮನೆಯ ಹೆಣ್ಣುಮಗಳು ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದಳಂತೆ. ಅವಳನ್ನು ಕೊಂದ ಆರೋಪದಲ್ಲಿ ಗಂಡ ಜೈಲಿನಲ್ಲಿದ್ದಾನೆ. ಏಳು ವರ್ಷದ ಮಗು ಅಜ್ಜಿಯ ಹತ್ತಿರ ಇದೆ. ಕಚೇರಿಯ ಕಾಗದಗಳಲ್ಲಿ ಮಾತ್ರ ಎಲ್ಲ ಕಡೆಯೂ ಗಂಡನ ಹೆಸರೇ ಇದೆ.

ನಾನು ದನದ ಡಾಕ್ಟರು, ವಕೀಲನಲ್ಲ. ಆದರೂ ಆ ಪ್ರಶ್ನೆ ಮನಸ್ಸಿನಿಂದ ಹೋಗಲಿಲ್ಲ. ಓದಿ, ತಿಳಿದವರನ್ನು ಕೇಳಿ, ಅರ್ಥವಾದಷ್ಟನ್ನು ನಿಮಗಾಗಿ ಬರೆಯುತ್ತಿದ್ದೇನೆ.

ಕೊಂದವರಿಗೆ ಸತ್ತವರ ಆಸ್ತಿಯಲ್ಲಿ ಪಾಲಿಲ್ಲ ಎಂಬುದು ಹಳೆಯ ಮಾತು. 1924ರಲ್ಲಿ, ಬ್ರಿಟಿಷರ ಕಾಲದಲ್ಲಿ, ಮುಂಬಯಿ ಹೈಕೋರ್ಟಿನಿಂದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋದ ಒಂದು ಮೊಕದ್ದಮೆಯಲ್ಲಿ ಇದು ಗಟ್ಟಿಯಾಯಿತು. ಕಕ್ಷಿದಾರರ ಹೆಸರು ಕೆಂಚವ್ವ, ಗಿರಿಮಲ್ಲಪ್ಪ. ಹೆಸರು ಕೇಳಿದರೇ ನಮ್ಮ ಕಡೆಯವರು ಎನಿಸುತ್ತದೆ. ಕೊಲೆಗಾರ ವಾರಸುದಾರರ ಸಾಲಿನಲ್ಲಿ ಇಲ್ಲವೇ ಇಲ್ಲ ಎಂದು ಎಣಿಸಬೇಕು ಎಂಬುದೇ ಆ ತೀರ್ಪಿನ ತಿರುಳು. ಮುಂದೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 25ನೇ ಕಲಂ ಇದನ್ನೇ ಬರೆದಿಟ್ಟಿತು. ಕೊಲೆ ಮಾಡಿದವರಿಗೂ ಅದಕ್ಕೆ ಕುಮ್ಮಕ್ಕು ಕೊಟ್ಟವರಿಗೂ ಕೊಲೆಯಾದವರ ಆಸ್ತಿ ಬರುವುದಿಲ್ಲ. ಅಂಥವರು ಮೊದಲೇ ಸತ್ತುಹೋಗಿದ್ದಾರೆ ಎಂದು ಭಾವಿಸಿ ಪಾಲು ಮಾಡಬೇಕು ಎನ್ನುತ್ತದೆ 27ನೇ ಕಲಂ. ಮುಸ್ಲಿಂ ಉತ್ತರಾಧಿಕಾರ ನಿಯಮದಲ್ಲೂ ಕೊಂದವನಿಗೆ ಪಾಲಿಲ್ಲ.

ಪಿಂಚಣಿಯ ದಾರಿ ಬೇರೆ. ಅದು ಪಾಲು ಮಾಡಿಕೊಳ್ಳುವ ಆಸ್ತಿಯಲ್ಲ, ನೌಕರಿಯ ನಿಯಮದಂತೆ ಕುಟುಂಬಕ್ಕೆ ಬರುವ ಹಣ. ಕೇಂದ್ರ ಸರ್ಕಾರದ ಹಳೆಯ ನಿಯಮದಲ್ಲಿ ಒಂದು ದೊಡ್ಡ ತೊಡಕಿತ್ತು. ನೌಕರರನ್ನು ಕೊಂದ ಆರೋಪ ಗಂಡನ ಮೇಲೋ ಹೆಂಡತಿಯ ಮೇಲೋ ಬಂದರೆ, ಕೇಸು ಮುಗಿಯುವವರೆಗೆ ಇಡೀ ಕುಟುಂಬದ ಪಿಂಚಣಿಯೇ ನಿಲ್ಲುತ್ತಿತ್ತು. ನಮ್ಮಲ್ಲಿ ಕೇಸು ಎಷ್ಟು ವರ್ಷ ನಡೆಯುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ತಾಯಿ ಹೋಗಿ, ತಂದೆ ಜೈಲು ಸೇರಿದ ಮಗುವಿಗೆ ಊಟದ ಹಣವೂ ಬಂದ್.

2021ರ ಜೂನ್ 16ರ ಆದೇಶದಿಂದ ಇದು ಬದಲಾಯಿತು. ಈಗ ಆರೋಪಿಯನ್ನು ಬಿಟ್ಟು, ಅರ್ಹರಾದ ಇನ್ನೊಬ್ಬ ಕುಟುಂಬ ಸದಸ್ಯರಿಗೆ ಪಿಂಚಣಿ ಕೊಡುತ್ತಾರೆ. ಮಗು ಚಿಕ್ಕದಾದರೆ ಪೋಷಕರ ಮೂಲಕ ಕೊಡುತ್ತಾರೆ, ಆದರೆ ಆರೋಪ ಹೊತ್ತ ತಂದೆ ಅಥವಾ ತಾಯಿ ಆ ಪೋಷಕರಾಗುವಂತಿಲ್ಲ. ಶಿಕ್ಷೆಯಾದರೆ ಆರೋಪಿಯ ಹಕ್ಕು ಹೋಯಿತು. ಖುಲಾಸೆಯಾದರೆ ಅಂದಿನಿಂದ ಪಿಂಚಣಿ ಅವರಿಗೆ ಬರುತ್ತದೆ. ಆರೋಪ ಸುಳ್ಳೂ ಇರಬಹುದಲ್ಲ, ಆದ್ದರಿಂದ ಇದು ಸರಿಯೇ. ಭವಿಷ್ಯ ನಿಧಿ ಯೋಜನೆಯಲ್ಲೂ ಸದಸ್ಯರನ್ನು ಕೊಂದ ಆರೋಪ ಹೊತ್ತವರ ಪಾಲನ್ನು ಕೇಸು ಮುಗಿಯುವ ತನಕ ತಡೆಹಿಡಿಯುತ್ತಾರೆ.

ಎಲ್ಲ ಕಡೆಯೂ ಹೀಗೇ ಎಂದು ತಿಳಿಯಬೇಡಿ. ಹರಿಯಾಣ ಸರ್ಕಾರದ ನೌಕರನೊಬ್ಬನ ಕೊಲೆಯಲ್ಲಿ ಹೆಂಡತಿಗೆ ಶಿಕ್ಷೆಯಾಗಿ ಪಿಂಚಣಿ ನಿಂತಿತ್ತು. 2021ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು, ಕುಟುಂಬ ಪಿಂಚಣಿ ಕ್ಷೇಮಾಭಿವೃದ್ಧಿಯ ಹಣ ಎಂದು ಹೇಳಿ ಅದನ್ನು ಅವಳಿಗೇ ಕೊಡಿಸಿತು. ಈ ತೀರ್ಪು ನನಗೆ ಇಂದಿಗೂ ಗಂಟಲಲ್ಲಿ ಇಳಿದಿಲ್ಲ.

ಇದೆಲ್ಲ ನೌಕರಿಯವರ ಮಾತಾಯಿತು. ನಿಮಗೆ ಪಿಂಚಣಿ ಇಲ್ಲದಿರಬಹುದು. ಆದರೆ ನಿಮ್ಮ ಹೆಸರಿನಲ್ಲಿ ಹಸು ಇದೆ, ಸಂಘದ ಷೇರು ಇದೆ, ಹಾಲಿನ ಬಟವಾಡೆ ಬೀಳುವ ಖಾತೆ ಇದೆ. ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯೂ ಹಲವರಿಗೆ ಇದೆ. ಅದರಲ್ಲಿ ಕೊಲೆಯಿಂದಾದ ಸಾವಿಗೂ 2 ಲಕ್ಷ ರೂಪಾಯಿ ಪರಿಹಾರವಿದೆ. ಇಲ್ಲೆಲ್ಲ ನಾಮಿನಿ ಯಾರು? ನಾನು ತುಂಬಿಸಿದ ಅರ್ಜಿಗಳಲ್ಲಿ ಹೆಚ್ಚಿನವರು ಯೋಚಿಸದೆ ಗಂಡನ ಹೆಸರು ಹೇಳುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಬ್ಯಾಂಕ್ ಖಾತೆಯ ನಾಮಿನಿ ಎಂದರೆ ಹಣ ಪಡೆಯುವವರು ಅಷ್ಟೇ, ಮಾಲೀಕರಲ್ಲ. ವಾರಸುದಾರರ ಹಕ್ಕು ಹಾಗೇ ಉಳಿಯುತ್ತದೆ. ಇಲ್ಲೇ ಒಂದು ಅಪಾಯವೂ ಇದೆ. ಬರೀ ತಕರಾರು ಅರ್ಜಿ ಬಂತೆಂದು ಬ್ಯಾಂಕು ನಾಮಿನಿಗೆ ಹಣ ಕೊಡುವುದನ್ನು ನಿಲ್ಲಿಸಬೇಕಾಗಿಲ್ಲ, ನ್ಯಾಯಾಲಯದ ಆದೇಶ ಬೇಕು. ನಾಮಿನಿಯೇ ಆರೋಪಿಯಾದಾಗ ತಡಮಾಡಿದರೆ ಹಣ ಅವನ ಕೈ ಸೇರಿ, ಆಮೇಲೆ ಅದರ ಹಿಂದೆ ಓಡಬೇಕಾಗುತ್ತದೆ.

ಇನ್ನೊಂದು ಮಾತು ಓದಿದಾಗ ನಾನೇ ಬೆಚ್ಚಿದೆ. ಹಿಂದೂ ಹೆಣ್ಣುಮಗಳು ಉಯಿಲು ಬರೆಯದೆ ಸತ್ತರೆ ಅವಳ ಸ್ವಂತ ದುಡಿಮೆಯ ಆಸ್ತಿ ಮೊದಲು ಮಕ್ಕಳಿಗೆ, ಗಂಡನಿಗೆ. ಅವರಿಲ್ಲದಿದ್ದರೆ ಗಂಡನ ವಾರಸುದಾರರಿಗೆ. ಹೆತ್ತ ತಾಯಿ ತಂದೆ ಬರುವುದು ಅದಾದ ಮೇಲೆ. ಎಂದರೆ ಮಕ್ಕಳಿಲ್ಲದವಳನ್ನು ಗಂಡನೇ ಕೊಂದರೂ, ಅವನನ್ನು ದಾಟಿದ ಆಸ್ತಿ ಅವನ ಮನೆಯವರ ಕಡೆಗೇ ಹೊರಳಬಹುದು. ಮದುವೆಯಾದ ಏಳು ವರ್ಷದೊಳಗೆ ಸಹಜವಲ್ಲದ ಸಾವಾದರೆ, ವರದಕ್ಷಿಣೆಯಾಗಿ ಕೊಟ್ಟದ್ದು ಮಕ್ಕಳಿಗೆ, ಮಕ್ಕಳಿಲ್ಲದಿದ್ದರೆ ತಾಯಿ ತಂದೆಗೆ ಸೇರಬೇಕೆಂದು ವರದಕ್ಷಿಣೆ ನಿಷೇಧ ಕಾಯ್ದೆ ಹೇಳುತ್ತದೆ. ಆದರೆ ನೀವು ಹಾಲು ಕರೆದು ಕೂಡಿಸಿದ ದುಡ್ಡು ಅದರೊಳಗೆ ಬರುವುದಿಲ್ಲ. ಅದಕ್ಕೆ ಉಯಿಲೇ ದಾರಿ. ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. ನಿಮ್ಮ ಸಹಿ ಅಥವಾ ಹೆಬ್ಬೆಟ್ಟು, ಜೊತೆಗೆ ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಪಾಲು ಪಡೆಯುವವರನ್ನೇ ಸಾಕ್ಷಿ ಮಾಡಬೇಡಿ.

ಆ ಅಕ್ಕನಿಗೆ ನಾನು ಹೇಳಿದ್ದು ಇಷ್ಟು: ಅಜ್ಜಿಯ ಹೆಸರಿನಲ್ಲಿ ಅವಳ ಕಚೇರಿಗೂ ಬ್ಯಾಂಕಿಗೂ ಅರ್ಜಿ ಕೊಡಿ. ಎಫ್‌ಐಆರ್ ಪ್ರತಿ, ಮರಣ ಪ್ರಮಾಣಪತ್ರ, ಮಗುವಿನ ಜನನ ಪ್ರಮಾಣಪತ್ರ ಲಗತ್ತಿಸಿ. ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ. ಪೋಷಕತ್ವಕ್ಕೂ ಬ್ಯಾಂಕಿನ ಹಣಕ್ಕೆ ತಡೆಯಾಜ್ಞೆ ತರಲಿಕ್ಕೂ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರು ಉಚಿತ. ಮೊನ್ನೆ ಕೃತಕ ಗರ್ಭಧಾರಣೆಗೆ ಆ ಊರಿಗೆ ಹೋಗಿದ್ದಾಗ ಅಕ್ಕ ಸಿಕ್ಕರು. ಕಚೇರಿಯವರು ಅರ್ಜಿ ತೆಗೆದುಕೊಂಡಿದ್ದಾರೆ. ಪೋಷಕತ್ವದ ಅರ್ಜಿಗೆ ಬರುವ ವಾರ ಅಜ್ಜಿ ಮಗುವನ್ನು ಕರೆದುಕೊಂಡು ಕೋರ್ಟಿಗೆ ಹೋಗುತ್ತಿದ್ದಾರೆ.