ಪುರಾವೆ ಇತ್ತು, ನ್ಯಾಯ ಸಿಗಲಿಲ್ಲ

ಒಬ್ಬ ಯುವತಿಯ ಮುಖದ ಬಲಭಾಗಕ್ಕೆ ಪೆಟ್ಟು ಬಿದ್ದಿದೆ. ಎದುರು ನಿಂತು ಹೊಡೆದಿದ್ದರೆ ಅದು ಎಡಗೈ ಏಟು ಅನ್ನೋದೇ ಸಹಜ ಲೆಕ್ಕ. ಆರೋಪಿಯ ಎಡಗೈಯಲ್ಲಿ ಶಕ್ತಿಯೇ ಇಲ್ಲ. ಹನ್ನೆರಡನೇ ವಯಸ್ಸಿನಲ್ಲಿ ಹತ್ತಿ ಬಿಡಿಸುವ ಯಂತ್ರಕ್ಕೆ ಸಿಕ್ಕಿ ಹಾಳಾಗಿದೆ. ಯುವತಿಯ ಅಪ್ಪ ಎಡಚ. ಈಗ ಹೇಳಿ, ತೀರ್ಪು ಏನಾಗಬೇಕು?

ಆರೋಪಿ ತಪ್ಪಿತಸ್ಥ ಅಂತ ತೀರ್ಪು ಬಂತು. ಯಾಕಂದ್ರೆ ಆತ ಕಪ್ಪು ಮನುಷ್ಯ.

ಇದು 1962ರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಚಿತ್ರದ ಕಥೆ. ಹಾರ್ಪರ್ ಲೀ ಅವರ 1960ರ ಕಾದಂಬರಿಯನ್ನು ರಾಬರ್ಟ್ ಮಲ್ಲಿಗನ್ ತೆರೆಗೆ ತಂದರು. ಟಾಮ್ ರಾಬಿನ್ಸನ್ ಮೇಲೆ ಬಂದ ಅತ್ಯಾಚಾರದ ಆರೋಪದ ವಿರುದ್ಧ ವಾದಿಸುವ ವಕೀಲ ಆಟಿಕಸ್ ಫಿಂಚ್ ಪಾತ್ರಕ್ಕೆ ಗ್ರೆಗರಿ ಪೆಕ್ ಆಸ್ಕರ್ ಪಡೆದರು.

ನಾನು ಇಂಜಿನಿಯರಿಂಗ್ ಓದಿದವನು. ಸರ್ಕ್ಯೂಟ್ ಸರಿ ಇದ್ದರೆ ಬಲ್ಬ್ ಉರಿಯಲೇಬೇಕು ಅನ್ನೋದು ನಮ್ಮ ನಂಬಿಕೆ. ಆಟಿಕಸ್ ಜೋಡಿಸಿದ ಸರ್ಕ್ಯೂಟ್‌ನಲ್ಲಿ ಒಂದು ತಂತಿಯೂ ತಪ್ಪಿಲ್ಲ. ಆದರೆ ಜ್ಯೂರಿಯಲ್ಲಿ ಕೂತ ಹನ್ನೆರಡೂ ಜನ ಬಿಳಿಯ ಗಂಡಸರು. ಅವರ ತೀರ್ಪು ವಿಚಾರಣೆಗೆ ಮೊದಲೇ ಸಿದ್ಧವಾಗಿತ್ತು.

ಸಿನಿಮಾ ಅಲ್ವಾ, ಸ್ವಲ್ಪ ಜಾಸ್ತಿ ಮಾಡಿರ್ತಾರೆ ಅಂತ ನಿಮಗೆ ಅನ್ನಿಸಬಹುದು. ಕಥೆ ನಡೆಯೋದು 1930ರ ದಶಕದ ಅಲಬಾಮಾದಲ್ಲಿ. ಅದೇ ರಾಜ್ಯದಲ್ಲಿ 1931ರಲ್ಲಿ, ರೈಲಿನಲ್ಲಿ ಇಬ್ಬರು ಬಿಳಿಯ ಯುವತಿಯರ ಮೇಲೆ ಅತ್ಯಾಚಾರ ಮಾಡಿದರೆಂದು ಒಂಬತ್ತು ಕಪ್ಪು ಹುಡುಗರನ್ನು ಹಿಡಿದರು. ಅದೇ ಸ್ಕಾಟ್ಸ್‌ಬರೋ ಪ್ರಕರಣ. 1933ರ ಮರುವಿಚಾರಣೆಯಲ್ಲಿ ಒಬ್ಬ ಯುವತಿಯೇ ಕಟಕಟೆಗೆ ಬಂದು, ಅಂಥದ್ದೇನೂ ನಡೆದಿಲ್ಲ ಅಂದಳು. ಆದರೂ ಜ್ಯೂರಿ ಶಿಕ್ಷೆಯನ್ನೇ ಹೇಳಿತು. ಜ್ಯೂರಿಯಿಂದ ಕಪ್ಪು ಜನರನ್ನು ಹೊರಗಿಟ್ಟದ್ದು ಸಂವಿಧಾನಕ್ಕೆ ವಿರುದ್ಧ ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 1935ರಲ್ಲಿ.

ಹಾಗಾದ್ರೆ ಈ ಪೂರ್ವಗ್ರಹ ಮುರಿಯೋದೇ ಇಲ್ವಾ? ಚಿತ್ರದಲ್ಲೇ ಒಂದು ಉತ್ತರ ಇದೆ. ವಿಚಾರಣೆಗೆ ಮೊದಲು ಒಂದು ರಾತ್ರಿ ಟಾಮ್‌ನನ್ನು ಕೊಲ್ಲಲು ಗುಂಪೊಂದು ಜೈಲಿಗೆ ಬರುತ್ತೆ. ಬಾಗಿಲಲ್ಲಿ ಕಾವಲು ಕೂತಿರೋದು ಆಟಿಕಸ್ ಒಬ್ಬರೇ. ಅವರ ಪುಟ್ಟ ಮಗಳು ಸ್ಕೌಟ್ ನುಗ್ಗಿ ಬಂದು, ಗುಂಪಿನಲ್ಲಿದ್ದ ಕನ್ನಿಂಗ್‌ಹ್ಯಾಮ್‌ನನ್ನು ಗುರುತು ಹಿಡಿದು ಹೆಸರಿಡಿದು ಮಾತಾಡಿಸ್ತಾಳೆ. ನಿಮ್ಮ ಮಗ ನನ್ನ ಜೊತೆ ಓದ್ತಾನೆ, ಅವನಿಗೆ ಕೇಳಿದೆ ಅಂತ ಹೇಳಿ ಅಂತಾಳೆ. ಆತ ತಲೆ ತಗ್ಗಿಸಿ ಎಲ್ಲರನ್ನೂ ವಾಪಸ್ ಕರೆದುಕೊಂಡು ಹೋಗ್ತಾನೆ. ಗುಂಪಿನ ಭಾಗವಾಗಿದ್ದವನು ಒಂದು ಮಾತಿಗೆ ಮತ್ತೆ ಒಬ್ಬ ಅಪ್ಪನಾದ. ಆ ಪಾತ್ರ ಮಾಡಿದ ಮೇರಿ ಬ್ಯಾಡಮ್‌ಗೆ ಆಗ ಹತ್ತು ವರ್ಷದ ಆಸುಪಾಸು. ಆಸ್ಕರ್‌ಗೆ ನಾಮನಿರ್ದೇಶನವೂ ಸಿಕ್ಕಿತು.

ಒಂದು ಕೊರತೆಯನ್ನೂ ಹೇಳಲೇಬೇಕು. ನಾವು ಟಾಮ್‌ನ ಮನೆಯೊಳಗೆ ಹೋಗೋದೇ ಇಲ್ಲ. ಆತ ತಪ್ಪಿಸಿಕೊಳ್ಳಲು ಓಡಿ ಗುಂಡಿಗೆ ಬಲಿಯಾದ ಸುದ್ದಿಯೂ ಆಟಿಕಸ್ ಬಾಯಿಂದಲೇ ನಮಗೆ ಗೊತ್ತಾಗೋದು. ನೋವು ಒಬ್ಬರದ್ದು, ಕಥೆ ಇನ್ನೊಬ್ಬರದ್ದು.

ಆದರೂ ನೋಡಿ. ಮುಂದೆ ಯಾವುದೇ ಬ್ರೇಕಿಂಗ್ ನ್ಯೂಸ್ ಬಂದಾಗ, ಆರೋಪಿ ಯಾವ ಜಾತಿ, ಯಾವ ಧರ್ಮ ಅಂತ ಕೇಳೋ ಮೊದಲು ಆಟಿಕಸ್ ಕೇಳಿದ್ದನ್ನು ಕೇಳಿ: ಪೆಟ್ಟು ಯಾವ ಕಡೆ ಬಿದ್ದಿದೆ?