ಆಮವಾತದ ನಿದಾನ

ವಿಶ್ವೇಶ್ವರಯ್ಯ ನಾಲೆಯ ನೀರುಂಡ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಬದುಕು ನಡೆಯುವುದು ಕೈಬೆರಳುಗಳ ಬಲದಿಂದ. ಕೆಸರುಗದ್ದೆಯಲ್ಲಿ ಬಾಗಿ ಪೈರು ನಾಟಿ ಮಾಡುವವರು ಹೆಚ್ಚಾಗಿ ಹೆಂಗಸರು. ಹಿಪ್ಪುನೇರಳೆಯ ಸೊಪ್ಪು ಬಿಡಿಸುವವರೂ, ಮನೆಯಲ್ಲಿ ಮುದ್ದೆ ತೊಳಸುವವರೂ ಅವರೇ. ಆದುದರಿಂದ ನಲವತ್ತರ ಆಸುಪಾಸಿನ ಗೃಹಿಣಿಯೊಬ್ಬಳು ಮುಂಜಾನೆ ಎದ್ದು ಬೆರಳು ಮಡಿಸಲಾಗುತ್ತಿಲ್ಲವೆಂದರೆ, ನಾಟಿಯ ದಣಿವು, ನೀರಿನ ಶೀತ ಎಂದು ಮನೆಯವರು ಸಮಾಧಾನ ಹೇಳುವುದು ಸಹಜ. ಅವಳೂ ಹಾಗೆಯೇ ಭಾವಿಸಿ, ಎಣ್ಣೆ ತಿಕ್ಕಿ, ಬಿಸಿನೀರು ಹುಯ್ದುಕೊಂಡು ಗದ್ದೆಗೆ ನಡೆಯುತ್ತಾಳೆ. ಹೊತ್ತೇರಿದಂತೆ ಬೆರಳುಗಳು ಸಡಿಲಗೊಳ್ಳುತ್ತವೆ. ಮೋಸವಿರುವುದು ಇಲ್ಲಿಯೇ. ದುಡಿಮೆಯಿಂದ ಬಂದ ನೋವು ದುಡಿದಂತೆ ಹೆಚ್ಚಿ, ಒರಗಿದರೆ ತಗ್ಗಬೇಕು; ಒರಗಿದಾಗ ಬಿಗಿದು, ಕೈಯಾಡಿಸಿದಂತೆ ತಗ್ಗುವ ನೋವಿನ ಮೂಲ ಬೇರೆ.

ಈ ವ್ಯಾಧಿಗೆ ಪಾಶ್ಚಾತ್ಯ ವೈದ್ಯರು ರುಮಟಾಯ್ಡ್ ಆರ್ಥ್ರೈಟಿಸ್ ಎನ್ನುತ್ತಾರೆ. 1859ರಲ್ಲಿ ಆಲ್ಫ್ರೆಡ್ ಗ್ಯಾರೋಡ್ ಎಂಬ ಆಂಗ್ಲ ವೈದ್ಯರು ಕೊಟ್ಟ ಹೆಸರು ಇದು. ನಮ್ಮಲ್ಲಿ ಚರಕ ಸುಶ್ರುತರು ವಾತರಕ್ತವನ್ನು ವಿಸ್ತಾರವಾಗಿ ಹೇಳಿದರೂ ಆಮವಾತಕ್ಕೆ ಪ್ರತ್ಯೇಕ ಅಧ್ಯಾಯವನ್ನು ಮೀಸಲಿಟ್ಟವರು ಮಾಧವಕರರು. ಅವರ ಮಾಧವನಿದಾನದಲ್ಲಿ ಕೀಲುಗಳ ಬಾವು, ಚೇಳು ಕುಟುಕಿದಂಥ ನೋವು, ಅರುಚಿ, ಮೈಭಾರ, ಜ್ವರಗಳೆಲ್ಲ ಒಂದೆಡೆ ಕೂಡಿ ಬಂದಿವೆ. ಆಮವಾತವೂ ಈ ರೋಗವೂ ಅಕ್ಷರಶಃ ಒಂದೇ ಎಂದು ಸಾಧಿಸಹೊರಡುವುದು ದುಡುಕಾದೀತು. ಆದರೆ ಇದು ಬರಿಯ ಎಲುಬಿನ ಸವೆತವಲ್ಲ, ಸರ್ವಾಂಗಕ್ಕೂ ತಗಲಿದ ಬೇನೆಯೆಂಬ ಗ್ರಹಿಕೆ ಎರಡು ಕಡೆಯೂ ಉಂಟು. ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುವುದು ಇದರ ಸ್ವರೂಪ. ಪೊರೆ ಬಾತು ಬೆಳೆದು ಮೃದ್ವಸ್ಥಿಯನ್ನೂ ಎಲುಬನ್ನೂ ಕೊರೆಯುತ್ತದೆ. ನೂರರಲ್ಲಿ ಒಬ್ಬರಿಗೆ ಅಥವಾ ಅದಕ್ಕಿಂತ ತುಸು ಕಡಮೆ ಜನರಿಗೆ ಬರುವ ಈ ವ್ಯಾಧಿ ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಾಲು ಹೆಚ್ಚು.

ರೋಗವನ್ನು ಗುರುತಿಸುವುದಕ್ಕೆ ಶಾಸ್ತ್ರದಲ್ಲಿ ನಿದಾನವೆಂದು ಹೆಸರು. ಅಲ್ಪಪ್ರಾಣದ ಈ ನಿದಾನ ಮಹಾಪ್ರಾಣದ ನಿಧಾನವಾಗುವುದೇ ಇಲ್ಲಿನ ದೊಡ್ಡ ತೊಡಕು. ಕೀಲುನೋವೆಲ್ಲಕ್ಕೂ ಜನ ಹಾಕುವ ಹೆಸರು ಒಂದೇ: ವಾಯು. ವಯಸ್ಸಾದವರ ಮಂಡಿ ಸವೆದು ಸಂಜೆಗೆ ನೋಯುವುದೂ ವಾಯುವೇ; ನಡುರಾತ್ರಿ ಕಾಲಿನ ಹೆಬ್ಬೆರಳು ಕೆಂಡದಂತೆ ಉರಿಯುವ ಗೌಟ್ ಕೂಡ ವಾಯುವೇ. 2006ರಲ್ಲಿ ಕರ್ನಾಟಕದ ಬಹುಭಾಗವನ್ನು ಬಾಧಿಸಿದ ಚಿಕೂನ್‌ಗುನ್ಯ ಜ್ವರ ಬಿಟ್ಟ ಮೇಲೂ ಎಷ್ಟೋ ಮಂದಿಯ ಕೀಲುಗಳು ತಿಂಗಳುಗಟ್ಟಲೆ ಬಾತಿದ್ದು, ಆಮವಾತವೆಂದೇ ಭ್ರಮೆ ಹುಟ್ಟಿಸುವಂತಿದ್ದವು. ಸಾಗರದ ಬಳಿಯ ಹಂದಿಗೋಡು ಗ್ರಾಮದಲ್ಲಿ 1970ರ ದಶಕದಲ್ಲಿ ಕಂಡುಬಂದ ಕೀಲುಬೇನೆಯ ಪ್ರಸಂಗವಂತೂ ಇನ್ನೂ ಬೋಧಪ್ರದ. ಕೀಟನಾಶಕ ಸೇರಿದ ಗದ್ದೆಯ ಏಡಿಯನ್ನು ತಿಂದುದೇ ಕಾರಣವೆಂದು ಮೊದಲು ಶಂಕಿಸಲಾಯಿತು. ಅನಂತರದ ಸಂಶೋಧನೆ ವಂಶಪಾರಂಪರ್ಯದತ್ತ ಬೊಟ್ಟುಮಾಡಿತು.

ಆಮವಾತದಲ್ಲಿ ಬೆರಳಿನ ಬುಡದ ಹಾಗೂ ನಡುವಿನ ಗಿಣ್ಣುಗಳು, ಮಣಿಕಟ್ಟುಗಳು ಎರಡು ಕೈಗಳಲ್ಲೂ ಜೋಡಿಯಾಗಿ ಬಾಯುತ್ತವೆ. ಉಗುರಿನ ಹತ್ತಿರದ ಗಿಣ್ಣು ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಮುಂಜಾನೆಯ ಬಿಗಿತ ಗಂಟೆಗೂ ಮಿಕ್ಕು ನಿಲ್ಲುತ್ತದೆ. ಆರು ವಾರ ಕಳೆದರೂ ಬಾವು ಇಳಿಯದಿದ್ದರೆ ಸಂದೇಹ ಬಲವಾಗಬೇಕು. ರಕ್ತಪರೀಕ್ಷೆಯೊಂದರಿಂದ ಎಲ್ಲವೂ ಇತ್ಯರ್ಥವಾಗುವುದೆಂಬ ನಂಬಿಕೆ ಸಲ್ಲದು. ರುಮಟಾಯ್ಡ್ ಫ್ಯಾಕ್ಟರ್ ಎಂಬ ಅಂಶ ಐವರು ರೋಗಿಗಳಲ್ಲಿ ಒಬ್ಬರಿಗಾದರೂ ಕಾಣಿಸದು. ಕ್ಷಯ, ಕುಷ್ಠ ಮೊದಲಾದ ಬೇರೆ ರೋಗಗಳಲ್ಲಿಯೂ, ಆರೋಗ್ಯವಂತ ವೃದ್ಧರಲ್ಲಿಯೂ ಕಾಣಿಸಬಹುದು. ಈಚೆಗೆ ಬಳಕೆಗೆ ಬಂದ ಆ್ಯಂಟಿ ಸಿಸಿಪಿ ಪರೀಕ್ಷೆ ಹೆಚ್ಚು ನಂಬಲರ್ಹವಾದರೂ ವೆಚ್ಚ ಹೆಚ್ಚು. ಎಕ್ಸರೇಯಲ್ಲಿ ಎಲುಬಿನ ಕೊರೆತ ಕಾಣುವ ಹೊತ್ತಿಗೆ ಆಗಬಾರದ ಹಾನಿ ಆಗಿಹೋಗಿರುತ್ತದೆ. ಮೊದಲ ಕೆಲವು ತಿಂಗಳುಗಳಲ್ಲಿಯೇ ಮದ್ದು ಆರಂಭವಾದರೆ ಕೈ ಉಳಿಯುತ್ತದೆ. ಆ ತಿಂಗಳುಗಳು ನಾಟಿ, ಕಳೆ, ಕೊಯ್ಲುಗಳಲ್ಲಿ ಕಳೆದುಹೋಗುತ್ತವೆ. ಕೀಲುರೋಗದ ತಜ್ಞರೋ ಬಹುಪಾಲು ಬೆಂಗಳೂರು, ಮೈಸೂರುಗಳಲ್ಲಿ. ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತುವುದು ಸುಲಭದ ಮಾತಲ್ಲ.

ಚಿಕಿತ್ಸೆಯ ಕಥೆಯಲ್ಲಿ ಒಂದು ವೈಚಿತ್ರ್ಯವಿದೆ. 1948ರಲ್ಲಿ ಅಮೆರಿಕೆಯ ಫಿಲಿಪ್ ಹೆಂಚ್ ಈ ರೋಗದಿಂದ ನರಳುತ್ತಿದ್ದ ತರುಣಿಗೆ ಕಾರ್ಟಿಸೋನ್ ಚುಚ್ಚಿದಾಗ ಕೆಲವೇ ದಿನಗಳಲ್ಲಿ ಆಕೆ ನಡೆದಾಡಿದಳು. ಲೋಕ ಬೆರಗಾಯಿತು, 1950ರಲ್ಲಿ ಹೆಂಚ್ ಹಾಗೂ ಇನ್ನಿಬ್ಬರಿಗೆ ನೊಬೆಲ್ ಪಾರಿತೋಷಕ ಬಂದಿತು. ಆದರೆ ಮದ್ದು ನಿಲ್ಲಿಸಿದರೆ ರೋಗ ಮರಳಿತು. ಮುಂದುವರಿಸಿದರೆ ಮುಖ ಊದಿ, ಎಲುಬು ಟೊಳ್ಳಾಗಿ, ಸಕ್ಕರೆ ಏರಿತು. ಹೆಸರು ಹೇಳದೆ ಕೊಡುವ ಪುಡಿ, ಗುಳಿಗೆಗಳಲ್ಲಿ ಇದೇ ಸ್ಟೀರಾಯ್ಡ್ ಬೆರೆತಿರುವುದುಂಟು. ಎರಡೇ ದಿನಕ್ಕೆ ನೋವು ಮಾಯವಾದರೆ ಜನ ಮದ್ದು ಕೊಟ್ಟವನ ಕೈಗುಣವನ್ನು ಕೊಂಡಾಡುತ್ತಾರೆ. ಒಳಗೆ ಎಲುಬಿನ ಗತಿಯೇನೆಂಬುದು ಹೊರಗೆ ತೋರದು.

ನಿಜವಾಗಿ ರೋಗದ ಓಟಕ್ಕೆ ತಡೆಯೊಡ್ಡುವ ಮುಖ್ಯ ಔಷಧ ಮೆಥೊಟ್ರೆಕ್ಸೇಟ್. ಅದರ ಹುಟ್ಟಿನಲ್ಲಿ ಭೀಮಾವರಂನಲ್ಲಿ ಜನಿಸಿ ಅಮೆರಿಕೆಗೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರ ಸಂಶೋಧನಾ ತಂಡದ ಪಾಲಿದೆ. ಮೊದಲಿಗೆ ಅರ್ಬುದರೋಗಕ್ಕೆ ಬಳಸಿದ ಈ ಮದ್ದನ್ನು 1988ರಲ್ಲಿ ಅಮೆರಿಕೆಯ ಸರಕಾರ ಆಮವಾತಕ್ಕೂ ಅಂಗೀಕರಿಸಿತು. ಚೀಟಿಯಲ್ಲಿ ಇದರ ಹೆಸರು ಕಂಡು, ಕ್ಯಾನ್ಸರಿನ ಮದ್ದೆಂದು ಯಾರೋ ಹೇಳಿದ್ದನ್ನು ಕೇಳಿ ಹೆದರಿ ಬಿಟ್ಟವರಿದ್ದಾರೆ. ಕೀಲುಬೇನೆಗೆ ಕೊಡುವ ಪ್ರಮಾಣ ಬಹಳ ಅಲ್ಪ. ಗುಣ ತೋರಲು ಆರರಿಂದ ಹನ್ನೆರಡು ವಾರ ಬೇಕಾದುದರಿಂದ ತಿಂಗಳಿಗೇ ಬೇಸತ್ತು ಬಿಡುವವರೂ ಇದ್ದಾರೆ. ಗರ್ಭಿಣಿಯರಿಗೆ ಇದು ನಿಷಿದ್ಧ, ಮದ್ಯಪಾನ ಕೂಡದು, ರಕ್ತವನ್ನೂ ಯಕೃತ್ತನ್ನೂ ಆಗಾಗ ಪರೀಕ್ಷಿಸುತ್ತಿರಬೇಕು, ಜೊತೆಗೆ ಫೋಲಿಕ್ ಆಮ್ಲದ ಗುಳಿಗೆ ಬೇಕು. ಎಲ್ಲಕ್ಕಿಂತ ಮಿಗಿಲಾದ ಎಚ್ಚರ ಇದನ್ನು ವಾರಕ್ಕೆ ಒಂದೇ ದಿನ ಸೇವಿಸಬೇಕೆಂಬುದು. ನಿತ್ಯವೂ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತಕಣಗಳು ಕುಸಿದು ಪ್ರಾಣಕ್ಕೇ ಸಂಚಕಾರ. ಓದು ಬಾರದ ಅಜ್ಜಿಗೆ ಚೀಟಿಯ ಬರಹದಿಂದ ಪ್ರಯೋಜನವಿಲ್ಲ. ಊರ ಸಂತೆ ನೆರೆಯುವ ದಿನವೇ ಗುಳಿಗೆಯ ದಿನವೆಂದು ಗೊತ್ತುಮಾಡಿ, ಉಳಿದ ಆರು ದಿನ ಡಬ್ಬಿಯನ್ನು ಸೊಸೆಯ ಕೈಯಲ್ಲಿಡುವುದು ಲೇಸು.